ಲೂರ್ದಮ್ಮನ ಪಾಲಿಗೆ ಬಂದ ಸುಣ್ಣ

ಉರಿಗಾಂ, ಕೆ.ಜಿ.ಎಫ್.
14 ಆಗಸ್ಟ್ 2025

ಬಂಗಾರಪೇಟೆಯ ಘನ ಪಾಸ್ಟರ್ ಇಮ್ಮಾನುವೇಲ್ ಅವರಿಗೆ (ನಮ್ಮ ಮನೆಯ ಲೆಕ್ಕದಲ್ಲಿ ಇನ್ನಾಸಪ್ಪ, ಕೂಗುವಾಗ ಇನ್ನಾಸಿ),

ಸಮಸ್ತ ಕ್ರೈಸ್ತ ಲೋಕಕ್ಕೂ, ಅದರಿಂದ ಒಡೆದುಹೋದ ಸಕಲ ಚೂರುಗಳಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ನಮ್ಮ ಗಣಿ ಮನೆಗಳ ಲೈನಿನ ಬೀದಿ ನಲ್ಲಿ ಸೋರುವುದು ನಿಂತಿದೆ.

ಹೌದು, ನಿಂತಿದೆ. ನೀನು ನಿಂತು ಓದುತ್ತಿದ್ದರೆ ಕೂತುಕೋ. ನಾವು ಹುಟ್ಟುವ ಮೊದಲಿನಿಂದ ತೊಟಕ್ ತೊಟಕ್ ಅನ್ನುತ್ತಿದ್ದ ನಲ್ಲಿ ಅದು. ಅಪ್ಪನ ಶಿಫ್ಟಿನ ಸೈರನ್ ನಿಂತಿತು, ಗಣಿ ನಿಂತಿತು, ಸಂಬಳ ನಿಂತಿತು, ಅದು ಮಾತ್ರ ನಿಂತಿರಲಿಲ್ಲ. ಮೊನ್ನೆ ನಗರಸಭೆಯವರು ಬಂದು ಹೊಸ ನಲ್ಲಿ ಕೂರಿಸಿ ಹೋದರು. ಈಗ ಬೀದಿ ಎಷ್ಟು ನಿಶ್ಶಬ್ದ ಅಂದರೆ ನನ್ನ ಹೊಲಿಗೆ ಮೆಷಿನ್ನಿನ ಸದ್ದಿಗೆ ನಾನೇ ಬೆಚ್ಚುತ್ತೇನೆ.

ಈ ಮಹಾ ಸುದ್ದಿಯನ್ನು ಪಕ್ಕದ ಮನೆ ಕದಿರಮ್ಮನಿಗೆ ಹೇಳಿದೆ. ಆಕೆ ಈ ಲೈನಿಗೆ ಬಂದು ನಾಲ್ಕು ವರ್ಷವೂ ಆಗಿಲ್ಲ. "ಒಳ್ಳೇದಾಯ್ತು ಬಿಡಕ್ಕಾ" ಅಂದು ಸೊಪ್ಪು ಬಿಡಿಸೋಕೆ ಹೋದಳು. ಒಳ್ಳೇದಾಯ್ತಂತೆ! ಆ ನಲ್ಲಿಯ ಮುಂದೆ ನಡೆದ ಯುದ್ಧಗಳ ಬಗ್ಗೆ ಆಕೆಗೇನು ಗೊತ್ತು? ಎದುರು ಮನೆ ಲೂರ್ದಮ್ಮ ನಮ್ಮಮ್ಮ ಸರದಿಗೆಂದು ಇಟ್ಟ ಕಲ್ಲನ್ನು ಕಾಲಲ್ಲಿ ಹಿಂದಕ್ಕೆ ತಳ್ಳಿ ತನ್ನ ಬಿಂದಿಗೆ ಮುಂದಿಡುತ್ತಿದ್ದದ್ದು. ನಮ್ಮಮ್ಮ ಕನ್ನಡದಲ್ಲಿ ಶುರು ಮಾಡಿ, ಲೂರ್ದಮ್ಮ ತಮಿಳಲ್ಲಿ ಉತ್ತರ ಕೊಟ್ಟು, ಕೊನೆಗೆ ಇಬ್ಬರೂ ತೆಲುಗಿನಲ್ಲಿ ಮುಗಿಸುತ್ತಿದ್ದದ್ದು (ತೆಲುಗಿನ ಭಾಗ ಬರುವಾಗ ನಾನು ನಿನ್ನ ಕಿವಿ ಮುಚ್ಚುತ್ತಿದ್ದೆ, ನೀನು ನನ್ನ ಸೊಂಟದ ಮೇಲೆ ಇರುತ್ತಿದ್ದೆ). ಅದೇ ಸಂಜೆ ಇಬ್ಬರೂ ತಲೆಗೆ ಸೆರಗು ಹೊದ್ದು ಮರಿಯಮ್ಮನವರ ಗುಡಿಯ ಒಂದೇ ಬೆಂಚಿನಲ್ಲಿ ಕೂತು ಜಪಸರ ಹೇಳುತ್ತಿದ್ದದ್ದು.

ಅಮ್ಮನೂ ಹೋದಳು, ಲೂರ್ದಮ್ಮನೂ ಹೋದಳು. ಈ ಸುದ್ದಿಯ ತೂಕ ತಿಳಿದ ಇನ್ನೊಬ್ಬನೇ ಮನುಷ್ಯ ಭೂಮಿಯ ಮೇಲೆ ಉಳಿದಿರುವುದು. ಅವನು ಒಂದು ರೈಲಿನಷ್ಟು ದೂರದಲ್ಲಿ ಕೂತು, ಎಂಟು ವರ್ಷದಿಂದ ಇತ್ತ ತಲೆ ಹಾಕಿಲ್ಲ. ಬರಬೇಡ ಅಂದವಳು ನಾನೇ, ಒಪ್ಪುತ್ತೇನೆ. ಆದರೆ ನಾನು ಹೇಳಿದ ಮಾತನ್ನು ನೀನು ಜೀವಮಾನದಲ್ಲಿ ಕೇಳಿದ್ದು ಅದೊಂದೇ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ಲಾಕ್‌ಡೌನಿನಲ್ಲಿ ಒಮ್ಮೆ ಮಾಡಿದೆವಲ್ಲ, ನೆನಪಿದೆಯಾ? ಊಟ ಆಯ್ತಾ ಅಂತ ಶುರುವಾಗಿದ್ದು, ಮಾತೆ ಮರಿಯಮ್ಮನವರಿಗೆ ಕೈಮುಗಿಯಬಹುದೋ ಬಾರದೋ ಅನ್ನುವಲ್ಲಿಗೆ ಹೋಗಿ ಕಟ್ ಆಯಿತು. ಕಾಗದವಾದರೆ ಮಧ್ಯದಲ್ಲಿ ಬಾಯಿ ಹಾಕಲು ಆಗುವುದಿಲ್ಲ. ನೀನು ಪ್ರಸಂಗ ಮಾಡುವವನು, ಒಮ್ಮೆ ಕೇಳಿಸಿಕೊಂಡೂ ಅಭ್ಯಾಸವಾಗಲಿ.

ಉತ್ತರ ಬರೆಯಲೇಬೇಕೆಂದಿಲ್ಲ. ಬರೆಯದಿದ್ದರೆ ಇನ್ನೊಂದು ಕಾಗದ ಬರೆಯುತ್ತೇನೆ, ಅಷ್ಟೇ.

ಇನ್ನೂ ರಾಜೀನಾಮೆ ಕೊಡದ ನಿನ್ನ ಅಕ್ಕ,
ಮದಲೇನಮ್ಮ

*

ಬಂಗಾರಪೇಟೆ
29 ಆಗಸ್ಟ್ 2025

ಪ್ರಿಯ ಅಕ್ಕನಿಗೆ,

ಕರ್ತನ ನಾಮದಲ್ಲಿ ವಂದನೆಗಳು. ನಾವಿಬ್ಬರೂ ಕ್ಷೇಮ. ನಿನ್ನ ಕ್ಷೇಮಕ್ಕಾಗಿ ದಿನವೂ ಪ್ರಾರ್ಥಿಸುತ್ತೇನೆ. ಇದನ್ನು ಜಗಳಕ್ಕೆ ಹೇಳಿದ್ದಲ್ಲ.

ನಲ್ಲಿಯ ಸುದ್ದಿ ತಲುಪಿತು. ಭಾನುವಾರದ ಸಭೆಯಲ್ಲಿ ಸಾಕ್ಷಿಯಾಗಿ ಹೇಳೋಣವೇ ಅಂತ ಒಂದು ಗಳಿಗೆ ಯೋಚಿಸಿದೆ. ಆದರೆ ನಮ್ಮ ಸಭೆಯವರು ಕಾಯಿಲೆ ವಾಸಿಯಾದದ್ದನ್ನು ಕೇಳಿ ಅಭ್ಯಾಸವಾದವರು, ನಲ್ಲಿ ವಾಸಿಯಾದದ್ದಕ್ಕೆ ಅಲ್ಲೇಲೂಯ ಹೇಳುತ್ತಾರೋ ಇಲ್ಲವೋ ತಿಳಿಯಲಿಲ್ಲ.

ನಮ್ಮ ಸಭೆ ಈಗ ಸ್ಟೇಷನ್ ಹತ್ತಿರ ಒಂದು ಪಾತ್ರೆ ಅಂಗಡಿಯ ಮೇಲೆ ನಡೆಯುತ್ತಿದೆ. ಪ್ಲಾಸ್ಟಿಕ್ ಕುರ್ಚಿಗಳು. ವಿಗ್ರಹವಿಲ್ಲ, ಮೇಣದಬತ್ತಿಯಿಲ್ಲ. ನಿನಗೆ ಹಿಡಿಸುವುದಿಲ್ಲ. ಬರುವವರು ಹೆಚ್ಚಾಗಿ ಕೂಲಿ ಮಾಡುವವರು, ಒಂದಿಬ್ಬರು ಹಾಲು ಹಾಕುವವರು. ವನಿತಾ ಅವಳ ತವರಿನಿಂದ ಒಂದು ಹಸು ತಂದುಕೊಂಡಿದ್ದಾಳೆ. ಅದು ನನ್ನ ಮಾತು ಬಿಟ್ಟು ಎಲ್ಲರ ಮಾತೂ ಕೇಳುತ್ತದೆ.

ಲೂರ್ದಮ್ಮನ ಬಿಂದಿಗೆಯ ಕಂಠದಲ್ಲಿ ಒಂದು ತಗ್ಗಿತ್ತು. ಅದು ಅಮ್ಮ ಎಸೆದ ಸರದಿಯ ಕಲ್ಲಿನಿಂದ ಆದದ್ದು. ನೀನು ಅದನ್ನು ಬರೆಯಲಿಲ್ಲ. ಅಮ್ಮನ ಪರ ವಹಿಸಿ ಬಿಟ್ಟೆಯೋ, ಮರೆತೆಯೋ?

ಇನ್ನೊಂದು ಮಾತು. ನಿನ್ನ ಕಡೆ ಬರುವ ಮಾರಿಕುಪ್ಪಂ ಗಾಡಿ ಹೊರಡುವ ಹೊತ್ತಿಗೇ ನನ್ನ ಪ್ರಸಂಗ ನಡೆಯುತ್ತಿರುತ್ತದೆ. ಗಾಡಿ ಕೂಗಿದಾಗಲೆಲ್ಲ ಒಂದು ಮಾತು ತಪ್ಪುತ್ತೇನೆ. ಜನ ಅದನ್ನು ಪವಿತ್ರಾತ್ಮನ ಪ್ರೇರಣೆ ಅಂದುಕೊಂಡಿದ್ದಾರೆ. ನಾನೂ ತಿದ್ದಲು ಹೋಗಿಲ್ಲ.

ನಿನ್ನ ತಮ್ಮ,
ಇಮ್ಮಾನುವೇಲ್

*

ಉರಿಗಾಂ
9 ಸೆಪ್ಟೆಂಬರ್ 2025

ಇನ್ನಾಸಿ,

(ಸಹಿ ನೋಡಿದೆ. ಆ ಹೆಸರಿನವರು ಯಾರೂ ನಮ್ಮ ಮನೆಯಲ್ಲಿ ಹುಟ್ಟಿಲ್ಲ. ನಾಮಕರಣದ ದಿನ ನಿನ್ನನ್ನು ಎತ್ತಿಕೊಂಡು ನಿಂತವಳು ನಾನು. ಇನ್ನಾಸಪ್ಪ ಅಂದಾಗ ನೀನು ನಕ್ಕೆ. ಒಪ್ಪಿಗೆ ಕೊಟ್ಟಾದ ಮೇಲೆ ಬದಲಾಯಿಸುವ ಹಾಗಿಲ್ಲ.)

ಕಲ್ಲು ಎಸೆದದ್ದು ನಿಜ. ಆದರೆ ಲೂರ್ದಮ್ಮನಿಗೆ ಎಸೆದಿರಲಿಲ್ಲ, ಬಿಂದಿಗೆಗೆ ಎಸೆದದ್ದು. ನ್ಯಾಯಕ್ಕೆ ಇದು ಮುಖ್ಯ.

ನಿನ್ನೆ ಮಾತೆಯ ಹಬ್ಬ ಆಯಿತು. ಕಾವಿ ಬಣ್ಣದ ಸೀರೆಗಳಿಂದ ಆಂಡರ್ಸನ್‌ಪೇಟೆ ತನಕ ರಸ್ತೆ ಹೂವಿನ ತೋಟದ ಹಾಗಿತ್ತು. ನಿನಗೆ ಪ್ರಸಾದ ಕಳಿಸುತ್ತಿಲ್ಲ, ಹೆದರಬೇಡ. ಮಾತೆಗೆ ನಿನ್ನ ವಿಷಯ ಹೇಳಿದ್ದೇನೆ. ಆಕೆಗೆ ಬೇಜಾರಿಲ್ಲ. ಮಕ್ಕಳು ಮಾತಾಡಿಸದೆ ಓಡಾಡುವುದು ಯಾವ ತಾಯಿಗೂ ಹೊಸದಲ್ಲವಂತೆ.

ಇನ್ನು ನನ್ನ ಆರೋಗ್ಯದ ಅಧಿಕೃತ ಪ್ರಕಟಣೆ. ಬಲ ಮೊಣಕಾಲು ಮುಷ್ಕರ ಹೂಡಿದೆ. ನಲವತ್ತು ವರ್ಷ ಮೆಷಿನ್ ತುಳಿದದ್ದಕ್ಕೆ ಬಂದ ನಿವೃತ್ತಿ ವೇತನ ಇದು. ಡಾಕ್ಟರು "ನೆಲದ ಮೇಲೆ ಕೂರಬಾರದು, ಮಂಡಿ ಊರಬಾರದು" ಅಂದರು. "ಪೂಜೆಯಲ್ಲಿ ಮಂಡಿ ಊರದೆ ಹೇಗಪ್ಪಾ?" ಅಂದೆ. "ದೇವರಿಗೆ ಎಕ್ಸರೇ ತೋರಿಸಿ ಅಮ್ಮಾ" ಅಂತಾನೆ. ಈಗಿನವರ ನಾಲಗೆ!

ದೇವರು ಹೇಗೋ ಒಪ್ಪುತ್ತಾನೆ. ನನಗೆ ಯೋಚನೆ ಬೇರೆಯದು. ನವೆಂಬರ್ ಎರಡು ಬರುತ್ತಿದೆ. ಕಲ್ಲರೆ ಹಬ್ಬ. ನಿನಗೆ ಮರೆತಿರಬಹುದು, ಅದಕ್ಕೆ ಹೇಳುತ್ತೇನೆ: ಹಿಂದಿನ ದಿನವೇ ಎಲ್ಲರೂ ತಮ್ಮ ತಮ್ಮವರ ಗೋರಿಯ ಕಳೆ ಕಿತ್ತು, ಸುಣ್ಣ ಬಳಿದು, ಮೇಲೆ ಕಪ್ಪು ಬಣ್ಣದಲ್ಲಿ ಹೆಸರು ಬರೆಯುತ್ತಾರೆ. ಮಾರನೆ ದಿನ ಚೆಂಡು ಹೂವು, ಮೇಣದಬತ್ತಿ, ಸ್ವಾಮಿಗಳ ತೀರ್ಥ. ಅಪ್ಪ ಅವರ ಹುಟ್ಟೂರಲ್ಲಿ ಮಲಗಿದ್ದಾರೆ, ಅಲ್ಲಿ ಚಿಕ್ಕಪ್ಪನ ಮಕ್ಕಳು ನೋಡಿಕೊಳ್ಳುತ್ತಾರೆ. ಅಮ್ಮನಿಗೆ ಇರುವವಳು ನಾನೊಬ್ಬಳೇ. ಎಂಟು ವರ್ಷವೂ ಮಂಡಿ ಊರಿಯೇ ಬಳಿದೆ. ಈ ಸಲ ಅಮ್ಮನ ಗೋರಿ ಬಟಾಬೋಳಾಗಿ ನಿಲ್ಲುತ್ತೆ. ಕೂಲಿಗೆ ಯಾರನ್ನಾದರೂ ಕರೆಯಬಹುದು. ಅಮ್ಮನ ಮೈ ತೊಳೆಯಲು ಕೂಲಿಯವರನ್ನು ಕರೆದ ಹಾಗೆ ಅನ್ನಿಸುತ್ತೆ. ಬೇಡ.

ಹೊಟ್ಟೆ ಉರಿಸಿಕೊಳ್ಳುವ ಇನ್ನೊಂದು ಸಂಗತಿ ಕೇಳು. ಲೂರ್ದಮ್ಮನ ಗೋರಿ ಇದೆಯಲ್ಲ, ಅಮ್ಮನದರ ಹಿಂದಿನ ಸಾಲಿನಲ್ಲಿ? ಪ್ರತಿ ವರ್ಷ ನಾನು ಹೋಗುವಷ್ಟರಲ್ಲಿ ಅದು ಹಾಲಿನಲ್ಲಿ ಅದ್ದಿ ತೆಗೆದ ಹಾಗೆ ಬೆಳ್ಳಗಿರುತ್ತೆ. ಯಾರೋ ಹಬ್ಬಕ್ಕೆ ಮೊದಲೇ ಬಂದು, ಒಂದು ಹುಲ್ಲುಕಡ್ಡಿ ಬಿಡದೆ ಕಿತ್ತು, ಮೂಲೆಮೂಲೆಗೂ ಸುಣ್ಣ ಹೊಡೆದು ಹೋಗಿರುತ್ತಾರೆ. ಹೆಸರು ಮಾತ್ರ ಬರೆದಿರಲ್ಲ. ಆಕೆಯ ಮಕ್ಕಳು ಗಣಿ ಮುಚ್ಚಿದ ಮೇಲೆ ತಿರುಪ್ಪೂರಿಗೋ ಎಲ್ಲಿಗೋ ಹೋದರು, ಆಕೆಯ ಮಣ್ಣಿಗೆ ಬಂದವರು ಆಮೇಲೆ ಕಂಡಿಲ್ಲ. ಆದರೂ ಅವರಲ್ಲೊಬ್ಬ ಬರುತ್ತಾನೆ ನೋಡು! ಅಷ್ಟು ದೂರದಿಂದ! ಲೂರ್ದಮ್ಮನ ಹೊಟ್ಟೆಯಲ್ಲಿ ಅಂಥ ಮಗ, ನಮ್ಮಮ್ಮನ ಹೊಟ್ಟೆಯಲ್ಲಿ ಎಂಥವನು ಅಂತ ನಾನು ಹೇಳುವುದಿಲ್ಲ. ಹೇಳಿದೆನಾ? ಇಲ್ಲ.

ಸಾಲದ್ದಕ್ಕೆ, ಅಲ್ಲಿನ ನಲ್ಲಿಯೂ ಈಗ ಆಕೆಯ ಪಾಲಿಗೇ. ಅಮ್ಮನನ್ನು ಮಣ್ಣು ಮಾಡಿದಾಗ ಅಮ್ಮನ ತಲೆಯ ಪಕ್ಕದಲ್ಲೇ ಇತ್ತಲ್ಲ, ಆ ವರ್ಷವೇ ಪೈಪು ಒಡೆದು, ಕಿತ್ತು ಹಿಂದಿನ ಸಾಲಿಗೆ ಹಾಕಿದರು. ಲೂರ್ದಮ್ಮ ಸತ್ತ ಮೇಲೂ ಬಿಂದಿಗೆ ಮುಂದಿಟ್ಟೇ ಬಿಟ್ಟಳು.

ಒಬ್ಬಳೇ ನಗುವುದು ಬೇಜಾರು ಕಣೋ.

ಅಕ್ಕ,
ಮದಲೇನಮ್ಮ

*

ಬಂಗಾರಪೇಟೆ
24 ಸೆಪ್ಟೆಂಬರ್ 2025

ಪ್ರಿಯ ಅಕ್ಕನಿಗೆ,

ಕರ್ತನ ನಾಮದಲ್ಲಿ ವಂದನೆಗಳು.

ನಿನ್ನ ಕಾಗದವನ್ನು ವನಿತಾ ಓದಿ ನಕ್ಕಳು. ನಾನು ನಗಲಿಲ್ಲ. ಲೂರ್ದಮ್ಮನ ಮಗನ ಜೊತೆ ನನ್ನನ್ನು ತಕ್ಕಡಿಯಲ್ಲಿ ಇಡಬೇಡ.

ಎಂಟು ವರ್ಷದ ಹಿಂದೆ ಗೋರಿಯ ಮುಂದೆ ನೀನು ಮೇಣದಬತ್ತಿ ಕೊಟ್ಟಾಗ ನಾನು ಕೈ ಹಿಂದೆ ಕಟ್ಟಿಕೊಂಡದ್ದು ನಿಜ. "ಅಮ್ಮ ಇಲ್ಲಿಲ್ಲ ಅಕ್ಕಾ" ಅಂದದ್ದೂ ನಿಜ. ನಾನು ಹೇಳಿದ್ದು ಅಮ್ಮ ಮಣ್ಣಿನಲ್ಲಿಲ್ಲ, ಕರ್ತನ ಬಳಿ ಇದ್ದಾಳೆ ಅಂತ. ಇವತ್ತಿಗೂ ಅದನ್ನೇ ನಂಬುತ್ತೇನೆ. ಸತ್ತವರಿಗೆ ನಮ್ಮ ಬತ್ತಿ ಬೇಕಾಗಿಲ್ಲ. ಆದರೆ ಅದು ಅಮ್ಮನನ್ನು ಸಣ್ಣದು ಮಾಡಲು ಹೇಳಿದ ಮಾತಲ್ಲ. ನೀನು ಊರವರ ಮುಂದೆಲ್ಲ "ಅಮ್ಮ ಇಲ್ಲದ ಜಾಗಕ್ಕೆ ನೀನೂ ಬರಬ್ಯಾಡ, ಓಗ್ಲಾ" ಅಂದೆ. ಹೋದೆ.

ನಂಬಿಕೆಯನ್ನು ಬದಲಾಯಿಸಿದವನು ಅಮ್ಮನನ್ನೂ ಬದಲಾಯಿಸಿದ ಅಂತ ನೀನು ಅಂದುಕೊಂಡಿದ್ದರೆ ಅದನ್ನು ಕಾಗದದಲ್ಲಿ ತಿದ್ದಲು ನನಗೆ ಬರುವುದಿಲ್ಲ.

ಮೊಣಕಾಲಿಗೆ ಬಿಸಿ ಎಣ್ಣೆ ಹಚ್ಚು. ಮೆಷಿನ್ನಿಗೆ ಮೋಟಾರು ಹಾಕಿಸು ಅಂತ ಹತ್ತು ವರ್ಷದ ಹಿಂದೆಯೇ ಹೇಳಿದ್ದೆ.

ಅಕ್ಕ, ಒಂದು ಕೇಳಬೇಕು. ಸ್ಮಶಾನದ ನಲ್ಲಿಯನ್ನು ಕಿತ್ತು ಎಲ್ಲಿ ಹಾಕಿದರು ಅಂದೆ? ಸರಿಯಾಗಿ ಬರೆ.

ತಮ್ಮ,
ಇಮ್ಮಾನುವೇಲ್

*

ಉರಿಗಾಂ
2 ಅಕ್ಟೋಬರ್ 2025

ಪಾಸ್ಟರ್ ಅವರಿಗೆ,

ಒಂದು ಕಾಗದದ ತುಂಬ ಅಮ್ಮನ ಬಗ್ಗೆ ಬರೆದು, ಕೊನೆಗೆ ನಲ್ಲಿ ಎಲ್ಲಿದೆ ಅಂತ ಕೇಳುತ್ತೀರಿ. ಬಾಯಾರಿಕೆಯೇ?

ಬರೆಯುತ್ತೇನೆ, ಬರೆದುಕೊಳ್ಳಿ. ಗೇಟಿನಿಂದ ಒಳಗೆ ಬಂದರೆ ಮೊದಲು ಬರುವ ಸಾಲಿನಲ್ಲಿ, ಬೇವಿನ ಮರದ ನೆರಳು ಬೀಳುವ ಕಡೆ ಅಮ್ಮ. ಅದರ ಪಕ್ಕ ಈಗ ನಲ್ಲಿ ಇಲ್ಲ. ನಲ್ಲಿ ಇರುವುದು ಅದರ ಬೆನ್ನಿಗೆ, ಹಿಂದಿನ ಸಾಲಿನಲ್ಲಿ. ನಲ್ಲಿಗೆ ಅಂಟಿಕೊಂಡಂತೆ ಇರುವುದು ಲೂರ್ದಮ್ಮ. ಎರಡೂ ಸಿಮೆಂಟಿನ ಗೋರಿ, ಒಂದೇ ಅಳತೆ. ಕಬ್ಬಿಣದ ಶಿಲುಬೆಗಳನ್ನು ಯಾರೋ ಗುಜರಿಗೆ ಹಾಕಿ ವರ್ಷಗಳಾದವು. ಸುಣ್ಣದ ಮೇಲೆ ಬರೆದ ಹೆಸರು ಮಳೆಗಾಲಕ್ಕೆ ಸುಣ್ಣದ ಜೊತೆಯೇ ಉದುರುತ್ತೆ. ನನಗೆ ಬಿಟ್ಟರೆ ಯಾರಿಗೂ ಗುರುತಾಗದು. ಮಗನಿಗಂತೂ ಆಗುವುದೇ ಇಲ್ಲ, ಬಂದರೆ ತಾನೆ?

ಮೋಟಾರು ಹಾಕಿಸುವುದಿಲ್ಲ.

ಮದಲೇನಮ್ಮ

*

ಬಂಗಾರಪೇಟೆ
14 ಅಕ್ಟೋಬರ್ 2025

ಅಕ್ಕಾ, ನಮಸ್ಕಾರ. ನಾನು ವನಿತಾ ಬರೀತಾ ಇರೋದು.

ನಂಗೆ ನಿಮ್ಮಂಗೆ ಬರೆಯೋಕೆ ಬರಲ್ಲ, ಮಾತಾಡ್ದಂಗೆ ಬರೀತೀನಿ, ತೆಪ್ಪಿದ್ರೆ ಒಟ್ಟೆಗೆ ಆಕ್ಕೊಳ್ಳಿ. ಇವ್ರಿಗೆ ಏಳಿಲ್ಲ. ಏಳಿದ್ರೆ ಬೇಡ ಅಂತಾರೆ.

ನೀವು ಬರೆದ ಕಾಗದ ಬಂದ ದಿನದಿಂದ ಇವ್ರು ಮಂಕಾಗವ್ರೆ. ಮುದ್ದೆ ಮುಂದೆ ಕೂತ್ಕೊಂಡು ಸುಮ್ನೆ ನೋಡ್ತಾವ್ರೆ. ಏನಾಯ್ತು ಅಂದ್ರೆ "ನಲ್ಲಿ" ಅಂತಾರೆ. ಯಾವ ನಲ್ಲಿ ಅಂದ್ರೆ ಎದ್ದು ಓಗ್ತಾರೆ. ಭಾನುವಾರ ಪ್ರಸಂಗಾನೂ ಅರ್ಧಕ್ಕೇ ನಿಲ್ಸಿ ಕೀರ್ತನೆ ಆಡಿಸಿಬಿಟ್ರು. ಜನ ಏನೋ ದರ್ಶನ ಆಗದೆ ಅಂದ್ಕಂಡವ್ರೆ.

ನಾನು ನಿಮ್ಮ ಕಾಗದ ಮೂರೂ ಇನ್ನೊಂದು ಸಲ ಓದ್ದೆ ಅಕ್ಕ. ನಂಗೆ ಒಂದು ಅರ್ಥ ಆಗ್ಲಿಲ್ಲ. ಅತ್ತೆ ಗೋರಿಗೆ ನೀವೊಬ್ರೇ ಸುಣ್ಣ ಒಡೆಯೋದು ಅಂತ ಬರೆದಿದ್ದೀರ. ಮತ್ತೆ ಇವ್ರು ಎಲ್ಲಿಗೆ ಓಗ್ತಾರೆ?

ವರ್ಷಾವರ್ಷ ಈ ತಿಂಗಳ ಕೊನೇಲಿ ಒಂದಿನ ಇವ್ರು ಹಳೇ ಷರಟು ಆಕ್ಕಂಡು, ಬ್ಯಾಗಲ್ಲಿ ಕುಂಚ ಇಟ್ಕಂಡು ಮಾರಿಕುಪ್ಪಂ ಗಾಡಿ ಅತ್ತಿ ಓಗ್ತಾರೆ. ಬರೋವಾಗ ತೋಳೆಲ್ಲ ಸುಣ್ಣ. ಒಗೆಯೋಳು ನಾನಲ್ವಾ? ಮೊದಲ್ನೇ ವರ್ಷ ಕೇಳ್ದೆ, "ಬತ್ತಿ ಇಡಿಯಲ್ಲ ಅಂತೀರಾ, ಸುಣ್ಣ ಒಡೀತೀರಾ, ಇದೇನು ನಿಮ್ ಧರ್ಮ?" ಅಂತ. ಅದಕ್ಕೆ ಇವ್ರು ಏನಂದ್ರು ಗೊತ್ತಾ? "ಅಮ್ಮಂಗೆ ಸುಣ್ಣ ಬೇಕಾಗಿಲ್ಲ ಕಣೆ. ಅಕ್ಕನ ಮೊಣಕಾಲಿಗೆ ಬೇಕು. ಅವಳು ಬರೋಷ್ಟ್ರಲ್ಲಿ ಕೆಲ್ಸ ಆಗಿದ್ರೆ ಬಗ್ಗೋದು ತಪ್ತದೆ" ಅಂದ್ರು. ಯಾರೂ ಇಲ್ದಾಗ ಓಗಿ ಬತ್ತಿದ್ರು. ನಿಮ್ಗೆ ಗೊತ್ತಾಗಬಾರ್ದು, ಬರಬ್ಯಾಡ ಅಂದಿದ್ದೀರಲ್ಲ ಅಂತ ಎಸ್ರೂ ಬರೀತಿರ್ಲಿಲ್ಲ.

ನಾನು ಎಂಟು ವರ್ಷದಿಂದ ಅಕ್ಕಂಗೆ ಗೊತ್ತಿದ್ದೂ ಸುಮ್ನವ್ರೆ ಅಂದ್ಕಂಡಿದ್ದೆ. ನಿಮ್ಮ ಮೇಲೆ ಒಸಿ ಕೋಪಾನೂ ಇತ್ತು, ತಪ್ಪು ತಿಳ್ಕಬೇಡಿ.

ಇವ್ರು ಎಲ್ಲಿ ಬಳೀತಿದ್ರು ಅಕ್ಕ? ನೀವೇ ಒಸಿ ನೋಡಿ.

ಹಸು ಗಬ್ಬ ಆಗದೆ. ಗಿಣ್ಣು ಆದಾಗ ಕಳಿಸ್ತೀನಿ.

ವನಿತಾ

*

ಉರಿಗಾಂ
18 ಅಕ್ಟೋಬರ್ 2025

ಲೋ ಇನ್ನಾಸೀ,

ವನಿತಾಳ ಮೇಲೆ ಕೂಗಾಡಬೇಡ. ಕೂಗಾಡಿದರೆ ನಾನೇ ಗಾಡಿ ಹತ್ತಿ ಬರುತ್ತೇನೆ, ನಿನ್ನ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಜಪಸರ ಹಿಡಿದು ಕೂರುತ್ತೇನೆ.

ಅವಳ ಕಾಗದ ಓದಿದ ಮೇಲೆ ಮೆಷಿನ್ನಿನಲ್ಲಿದ್ದ ಫ್ರಾಕನ್ನು ಹಾಗೇ ಬಿಟ್ಟು ಆಟೋ ಹತ್ತಿದೆ. ಸ್ಮಶಾನದ ಗೇಟಿನಲ್ಲಿ ಕಾವಲಿನ ಆರುಮುಗಂ ಬೀಡಿ ಸೇದುತ್ತ ಕೂತಿದ್ದ.

"ಏನಮ್ಮಾ, ಹಬ್ಬಕ್ಕೆ ಇನ್ನೂ ದಿನ ಇದೆಯಲ್ಲ?"

"ಆರುಮುಗಂ, ನಲ್ಲಿ ಪಕ್ಕದ ಗೋರಿಗೆ ಯಾರಯ್ಯಾ ಸುಣ್ಣ ಹೊಡೆಯೋದು?"

"ಅದಾ? ಪಾಟಿ, ಆ ಅಜ್ಜಿ ಮಗ ಅಮ್ಮಾ. ವರ್ಷಾವರ್ಷ ಬತ್ತಾರೆ. ಉದ್ದಕ್ಕಿದ್ದಾರೆ, ತಲೇಲಿ ಕೂದ್ಲು ಕಮ್ಮಿ. ಯಾರ ಜೊತೇನೂ ಮಾತಿಲ್ಲ."

"ಆಕೆಯ ಮಗ ಅಂತ ನಿನಗೆ ಯಾರು ಹೇಳಿದ್ದು?"

"ಯಾರು ಹೇಳ್ಬೇಕಮ್ಮಾ? ಅಂಗೆ ಅಳ್ತಾ ಸುಣ್ಣ ಹೊಡೆದ್ರೆ ಮಗನಲ್ದೆ ಇನ್ಯಾರು?"

ಒಳಗೆ ನಡೆದೆ. ನೆಲಕ್ಕೆ ಕೂರುವ ಹಾಗಿಲ್ಲವಲ್ಲ, ಲೂರ್ದಮ್ಮನ ಗೋರಿಯ ಮೇಲೇ ಕೂತೆ. ಜೀವಮಾನದಲ್ಲಿ ಆಕೆಯ ಮನೆಯ ಜಗಲಿಯ ಮೇಲೆ ಕೂತವಳಲ್ಲ ನಾನು. ಹೋದ ವರ್ಷದ ನಿನ್ನ ಸುಣ್ಣ ಅಲ್ಲಲ್ಲಿ ಇನ್ನೂ ಇತ್ತು. ಕೈಗೆ ಹತ್ತಿತು. ಮೊದಲು ನಗು ಬಂತು. ಆಮೇಲೆ ಬಂದದ್ದನ್ನು ಆರುಮುಗಂ ನೋಡಿದ, ಬೀಡಿ ಆರಿಸಿ ಅತ್ತ ಹೋದ.

ಎಂಟು ವರ್ಷ ಕಣೋ! ನೀನು ನಲ್ಲಿಯ ಗುರುತು ಹಿಡಿದು ಬಂದು ಹಿಂದಿನ ಸಾಲಿಗೆ ಬಳಿದು ಹೋಗುವುದು, ನಾನು ಬಂದು ಮುಂದಿನ ಸಾಲಿಗೆ ಬಳಿಯುವುದು. ಬಳಿಯುತ್ತಾ ಬಳಿಯುತ್ತಾ ತಲೆಯೆತ್ತಿ ನಿನ್ನ ಕೆಲಸವನ್ನೇ ನೋಡಿ "ಪುಣ್ಯಾತ್ಮ ಯಾರೋ, ಚೆನ್ನಾಗಿರಲಿ" ಅಂತ ಹರಸಿ, ಅದೇ ಉಸಿರಿನಲ್ಲಿ ನಿನ್ನನ್ನು ಬೈದುಕೊಳ್ಳುವುದು. ಒಬ್ಬನೇ ಮನುಷ್ಯನಿಗೆ ಒಂದೇ ಸಲ ಆಶೀರ್ವಾದವೂ ಬೈಗುಳವೂ! ಮೇಲಿನವರು ಯಾವುದನ್ನು ಎತ್ತಿಕೊಳ್ಳುವುದು ಅಂತ ಕಂಗಾಲಾಗಿರಬೇಕು.

ಅಮ್ಮನಿಗೆ ಅಲ್ಲೇ ನಿಂತು ವರದಿ ಒಪ್ಪಿಸಿದೆ. "ನಿನ್ನ ಮಗ ಬರ್ತಿದ್ದಾನಮ್ಮಾ, ಆದರೆ ಬಿಂದಿಗೆ ಅವಳು ಮುಂದಿಟ್ಟಿದ್ದಳು" ಅಂದೆ. ಅಮ್ಮ ಏನಂದಿರಬಹುದು ಅಂತ ನಿನಗೆ ಗೊತ್ತು. ತೆಲುಗಿನಲ್ಲಿ ಅಂದಿರುತ್ತಾಳೆ, ಬರೆಯುವ ಹಾಗಿಲ್ಲ.

ಒಂದು ಮಾತು ಮಾತ್ರ ಒಪ್ಪಬೇಕು. ಶತ್ರುಗಳನ್ನು ಪ್ರೀತಿಸಿ ಅಂತ ನಿಮ್ಮ ಸಭೆಯಲ್ಲೂ ಹೇಳುತ್ತಾರೆ, ನಮ್ಮ ಗುಡಿಯಲ್ಲೂ ಹೇಳುತ್ತಾರೆ. ಹೇಳಿ ಮನೆಗೆ ಹೋಗುತ್ತಾರೆ. ನಮ್ಮ ವಂಶದಲ್ಲಿ ಅದನ್ನು ಸುಣ್ಣ ಕಲಸಿ, ಕುಂಚ ಹಿಡಿದು, ಮೂಲೆಮೂಲೆಗೂ ಮಾಡಿ ಮುಗಿಸಿದವನು ನೀನೊಬ್ಬನೇ. ಗೊತ್ತಿಲ್ಲದೆ ಮಾಡಿದ್ದು ಅಂತ ಬಾಯಿ ಬಿಡಬೇಡ, ಪರಲೋಕದಲ್ಲಿ ಅಂಕ ಕಡಿಮೆ ಆಗುತ್ತೆ.

ಅವತ್ತು ಗೋರಿಯ ಮುಂದೆ ನಾನು ಅಂದ ಮಾತು ಇದೆಯಲ್ಲ, ಓಗ್ಲಾ ಅಂತ? ಅದನ್ನು ವಾಪಸು ತಗೊಂಡೆ. ಜೋರಾಗಿ ಹೇಳಿಯೇ ವಾಪಸು ತಗೊಂಡೆ, ಆರುಮುಗಂ ಸಾಕ್ಷಿ.

ಇನ್ನು ನೀನುಂಟು, ನಿನ್ನ ಗಾಡಿಯುಂಟು.

ನಿನ್ನ ಅಕ್ಕ

*

ಬಂಗಾರಪೇಟೆ
23 ಅಕ್ಟೋಬರ್ 2025

ಅಕ್ಕಾ,

ನಾಲ್ಕು ಸಲ ಬರೆದು ಹರಿದೆ. ಇದು ಐದನೆಯದು, ಚಿಕ್ಕದಾಗಿಯೇ ಇರಲಿ.

ಶನಿವಾರ, ನವೆಂಬರ್ ಒಂದಕ್ಕೆ, ಬೆಳಗಿನ ಗಾಡಿಗೆ ವನಿತಾ ಮತ್ತು ನಾನು ಬರಬಹುದೇ? ಭಾನುವಾರ ಸಭೆ ಇದೆ, ಸಂಜೆಯೇ ಹಿಂತಿರುಗಬೇಕು.

ಬರುವ ಮೊದಲು ಹೇಳಿಬಿಡುವುದು ನ್ಯಾಯ. ನಾನು ಸುಣ್ಣ ಬಳಿಯುತ್ತೇನೆ, ಕಳೆ ಕೀಳುತ್ತೇನೆ, ನೀನು ಹೇಳಿದ ಕಡೆ ಹೆಸರು ಬರೆಯುತ್ತೇನೆ. ಮೇಣದಬತ್ತಿ ಹಿಡಿಯಲಾರೆ. ನಿನ್ನನ್ನು ಮೆಚ್ಚಿಸಲು ಹಿಡಿದರೆ ಅದು ಅಮ್ಮನಿಗೂ ಸುಳ್ಳು, ದೇವರಿಗೂ ಸುಳ್ಳು. ಬತ್ತಿ ಹಿಡಿಯದವನನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳುತ್ತೀಯಾ? ಆಗುವುದಿಲ್ಲ ಅಂದರೂ ನನಗೆ ಕೋಪವಿಲ್ಲ. ಹಿಂದಿನ ಹಾಗೆ ಬಂದು ಹೋಗುತ್ತೇನೆ. ಈ ಸಲ ಸರಿಯಾದ ಗೋರಿಗೆ.

ಪ್ರತಿ ವರ್ಷ ಬಳಿದು ಮುಗಿಸಿದ ಮೇಲೆ ಅಲ್ಲಿ ಕೂತು ಅಮ್ಮನಿಗೆ ಮನೆಯ ಸುದ್ದಿ ಹೇಳುತ್ತಿದ್ದೆ. ಅಮ್ಮ ಅಲ್ಲಿಲ್ಲ ಅಂತ ಗೊತ್ತಿದ್ದೂ ಹೇಳುತ್ತಿದ್ದೆ. ಅದನ್ನೆಲ್ಲ ಲೂರ್ದಮ್ಮ ಕೇಳಿಸಿಕೊಂಡಿದ್ದಾಳೆ ಅಂತ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಿನ್ನ,
ಇನ್ನಾಸಿ

*

ಉರಿಗಾಂ
27 ಅಕ್ಟೋಬರ್ 2025

ಇನ್ನಾಸಿ,

ಸಹಿ ನೋಡಿದೆ. ಎರಡು ಸಲ ನೋಡಿದೆ. ಮಾತಾಡುವುದಿಲ್ಲ, ಮಾತಾಡಿದರೆ ಬದಲಾಯಿಸಿಬಿಡುತ್ತೀಯ.

ಬತ್ತಿಯ ವಿಷಯ ಎರಡು ದಿನ ಯೋಚಿಸಿದೆ. ಮೊದಲು ನಿನ್ನ ಮೇಲೆ ರೇಗಿತು, ಅದನ್ನು ಮುಚ್ಚಿಡುವುದಿಲ್ಲ. ಸಂಜೆ ಗುಡಿಗೆ ಹೋಗಿ ಬೆಂಚಿನಲ್ಲಿ ಕೂತೆ, ಮಂಡಿ ಊರದೆ. ಅಮ್ಮ ಕೂರುತ್ತಿದ್ದ ಬೆಂಚು. ಕಣ್ಣೆದುರು ಬಂದದ್ದು ಏನು ಅಂದರೆ, ಬೆಳಿಗ್ಗೆ ಕಲ್ಲಲ್ಲಿ ಹೊಡೆದಾಡಿದ ಇಬ್ಬರು ಹೆಂಗಸರು ಸಂಜೆ ಇದೇ ಬೆಂಚಿನಲ್ಲಿ ಸೆರಗಿಗೆ ಸೆರಗು ತಾಗಿಸಿ ಕೂತಿರುತ್ತಿದ್ದರು. ಅಮ್ಮ ಕನ್ನಡದಲ್ಲಿ ಹೇಳುತ್ತಿದ್ದಳು, ಲೂರ್ದಮ್ಮ ತಮಿಳಿನಲ್ಲಿ. ಪಕ್ಕದವಳ ಮಾತು ತನ್ನ ಮಾತಿನ ಹಾಗಿಲ್ಲ ಅಂತ ಇಬ್ಬರಲ್ಲಿ ಯಾರೂ ಎದ್ದು ಹೋದದ್ದು ನಾನು ನೋಡಿಲ್ಲ.

ಆದ್ದರಿಂದ ತೀರ್ಪು ಹೀಗಿದೆ. ಮೇಣದಬತ್ತಿ ನಾನೇ ಹಿಡಿಯುತ್ತೇನೆ. ನನ್ನದೊಂದು ಕೈಗೆ, ನಿನ್ನ ಪಾಲಿನದು ಇನ್ನೊಂದು ಕೈಗೆ. ಭಾನುವಾರ ಅದನ್ನು ನಾನೊಬ್ಬಳೇ ಮಾಡುತ್ತೇನೆ, ನೀನು ನಿನ್ನ ಸಭೆ ನೋಡಿಕೋ. ಶನಿವಾರ ನಿನಗಿರುವ ಕೆಲಸ ಬೇರೆ. ನೀನು ಬತ್ತಿ ಹಿಡಿಯಬೇಡ, ನನ್ನ ಮೊಣಕೈ ಹಿಡಿ. ಗೇಟಿನಿಂದ ಅಮ್ಮನ ತನಕ ಹಳ್ಳದಿಣ್ಣೆ ಇದೆ, ಒಬ್ಬಳೇ ದಾಟಲು ಭಯ. ಇದಕ್ಕೆ ನಿಮ್ಮ ಸಭೆಯ ಅಡ್ಡಿ ಇರಲಾರದು.

ಎರಡು ಗೋರಿಗೂ ಸುಣ್ಣ ಕಲಸಬೇಕು. ಲೂರ್ದಮ್ಮನದನ್ನು ಬಿಡುವ ಹಾಗಿಲ್ಲ. ಎಂಟು ವರ್ಷ ಕೊಟ್ಟು ಅಭ್ಯಾಸ ಮಾಡಿಸಿ ಈಗ ನಿಲ್ಲಿಸಿದರೆ ಆಕೆ ಸುಮ್ಮನಿರುವವಳೇ? ಈ ಸಲ ಹೆಸರೂ ಬರೆಯೋಣ. ನಿನ್ನ ಅಕ್ಷರ ದುಂಡಗಿದೆ, ನೀನೇ ಬರೆ. ಸರದಿಯಲ್ಲಿ ಮಾತ್ರ ಮೊದಲು ಅಮ್ಮ. ಆಮೇಲೆ ಆಕೆ. ಈ ಒಂದು ಸಲವಾದರೂ.

ವನಿತಾಗೆ ಹೇಳು, ಊಟ ಇಲ್ಲೇ. ಕಾಳು ಹುಳಿ, ಮುದ್ದೆ. ಎರಡು ತಟ್ಟೆ ಹೆಚ್ಚಿಗೆ ಇಳಿಸಿ ತೊಳೆದಿಟ್ಟಿದ್ದೇನೆ. ಕದಿರಮ್ಮ ಬಂದು "ಯಾರಕ್ಕ ಬರೋದು?" ಅಂದಳು. "ನಲ್ಲಿ ರಿಪೇರಿಯಾಯ್ತಲ್ಲ, ಅದನ್ನ ನೋಡೋಕೆ ಬಂಗಾರಪೇಟೆಯಿಂದ ಬರ್ತಾರೆ" ಅಂದೆ.

ಬರುವಾಗ ಒಂದು ಸಣ್ಣ ಉಪಕಾರ. ಬಂಗಾರಪೇಟೆ ಬಜಾರಿನಲ್ಲಿ ಸುಣ್ಣದ ಕುಂಚ ಎರಡು ತಗೋ, ನನ್ನ ಹಳೇದು ನಿನ್ನ ತಲೆಯ ಹಾಗೇ ಬೋಳಾಗಿದೆ. ನಿನ್ನದು ಗಿಡ್ಡ ಹಿಡಿಯದ್ದಾದರೂ ನಡೆಯುತ್ತೆ. ಇನ್ನೊಂದಕ್ಕೆ ಉದ್ದ ಕೋಲಿನ ಹಿಡಿ ಇರಲಿ, ನಾನು ನಿಂತೇ ಬಳಿಯಬೇಕು. ಅಂಗಡಿಯವನು ಗಟ್ಟಿ ಇದೆ ಅಂತಾನೆ, ನಂಬಬೇಡ, ನೀನೇ ಅಲ್ಲಾಡಿಸಿ ನೋಡಿ ತಾ.

ಅಕ್ಕ,
ಮದಲೇನಮ್ಮ